ಕಾಚಿಗುಡಾದ ಸಾಲಿ ಮಾಸ್ತರ, ಜಕಾರ್ತಾದ ಚಿನ್ನ

ಹೈದರಾಬಾದಿನಿಂದ ಮುಂಬೈಗೆ ಹೊರಟ ರೈಲು ತಾಂಡೂರು ದಾಟಿದ ಮೇಲೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಅಂತ ನಮ್ಮ ಊರುಗಳನ್ನು ಒಂದೊಂದಾಗಿ ಹಾದು ಹೋಗುತ್ತದೆ. ಸಿಕಂದರಾಬಾದ್–ವಾಡಿ ಲೈನು ನಿಜಾಮರ ಕಾಲದ್ದು, 1874ರದ್ದು. ನಾಲವಾರ ಇರುವುದು ವಾಡಿಯಿಂದ ರಾಯಚೂರಿನ ಕಡೆ ಹೋಗುವ ಲೈನಿನಲ್ಲಿ. ನಮ್ಮವರು ಹೈದರಾಬಾದಿಗೆ ಹೋಗಬೇಕೆಂದರೆ ವಾಡಿಗೆ ಬಂದು ಗಾಡಿ ಬದಲಿಸುವುದು ವಾಡಿಕೆ. 1956ರ ತನಕ ಅದೇ ನಮ್ಮ ರಾಜಧಾನಿ. ಡಿಗ್ರಿ ಮಾಡಬೇಕೆಂದರೆ ಉಸ್ಮಾನಿಯಾ ಯೂನಿವರ್ಸಿಟಿ, ಸರ್ಕಾರಿ ಕಾಗದ ಏನಿದ್ದರೂ ಉರ್ದುವಿನಲ್ಲಿ. ಈಗಲೂ ಊರಲ್ಲಿ ತೀರಾ ವಯಸ್ಸಾದವರನ್ನು ಮಾತಾಡಿಸಿ ನೋಡ್ರಿ, ಹಳೆ ಹೈದರಾಬಾದಿನ ಒಂದೆರಡು ಪದ ಬಂದೇ ಬರುತ್ತವೆ.

ಇಷ್ಟೆಲ್ಲ ಹೇಳಿದ್ದು ಯಾಕಂದ್ರೆ, ಈ ದೇಶಕ್ಕೆ ಫುಟ್‌ಬಾಲ್ ಆಡುವುದು ಹೇಗೆ ಅಂತ ಕಲಿಸಿದ ಮನುಷ್ಯ ಅದೇ ಹೈದರಾಬಾದ್ ರಾಜ್ಯದವರು. ಹೆಸರು ಸೈಯದ್ ಅಬ್ದುಲ್ ರಹೀಂ. ಆಟಗಾರರೆಲ್ಲ ಕರೆಯುತ್ತಿದ್ದದ್ದು ರಹೀಂ ಸಾಹೇಬ್ ಅಂತ. 2024ರಲ್ಲಿ ಅಜಯ್ ದೇವಗನ್ ನಟಿಸಿದ ‘ಮೈದಾನ್’ ಸಿನಿಮಾ ಬಂದಾಗ ನಮ್ಮ ಹಾಸ್ಟೆಲ್ಲಿನಲ್ಲೂ ಸುಮಾರು ಜನ ನೋಡಿದರು. ನೋಡಿ ಬಂದವರಲ್ಲಿ ಹೆಚ್ಚಿನವರು ಕೇಳಿದ ಪ್ರಶ್ನೆ ಒಂದೇ: ಇದೆಲ್ಲ ನಿಜವಾಗಿ ನಡೆದದ್ದಾ? ನಡೆದದ್ದು ಹೌದು. ಸಿನಿಮಾದವರು ಸೇರಿಸಿದ ಮಸಾಲೆ ತೆಗೆದರೂ ಕಥೆಯ ರುಚಿ ಕಡಿಮೆ ಆಗುವುದಿಲ್ಲ. ನನ್ನನ್ನು ಕೇಳಿದರೆ ಮಸಾಲೆ ಇಲ್ಲದ ಕಥೆಯೇ ಇನ್ನೂ ಚೆನ್ನಾಗಿದೆ.

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾದಲ್ಲಿ ಬಿ.ಎ. ಮುಗಿಸಿ ಮಾಸ್ತರಿಕೆ ಹಿಡಿದರು. ಕಾಚಿಗುಡಾ ಮಿಡಲ್ ಸ್ಕೂಲು, ಆಮೇಲೆ ಉರ್ದು ಶರೀಫ್ ಸ್ಕೂಲು, ದಾರುಲ್ ಉಲೂಮ್ ಹೈಸ್ಕೂಲು, ಚಾದರ್‌ಘಾಟ್ ಹೈಸ್ಕೂಲು, ಹೀಗೆ ಸಾಲಿಯಿಂದ ಸಾಲಿಗೆ ವರ್ಗ. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು ಆಟದ ಮಾಸ್ತರರೂ ಆದರು. ಸ್ವತಃ ಫುಟ್‌ಬಾಲ್ ಆಡುತ್ತಿದ್ದರು. ಯೂನಿವರ್ಸಿಟಿ ತಂಡಕ್ಕೆ ಆಡಿದರು, ಊರಿನ ಲೀಗಿನಲ್ಲಿ ಕಮರ್ ಕ್ಲಬ್ಬಿಗೆ ಆಡಿದರು. ಆದರೆ ಆಟಗಾರನಾಗಿ ಅವರಿಗೆ ದೊಡ್ಡ ಹೆಸರಿಲ್ಲ. ದೇಶದ ತಂಡದಲ್ಲಿ ಆಡಿದವರಲ್ಲ. ಇದನ್ನು ಒತ್ತಿ ಹೇಳಬೇಕು. ದೊಡ್ಡ ಆಟಗಾರ ನಿವೃತ್ತಿಯಾದ ಮೇಲೆ ಕೋಚ್ ಆಗುವುದು ಎಲ್ಲೆಲ್ಲೂ ಇರುವ ದಾರಿ. ಚುನಿ ಗೋಸ್ವಾಮಿಯವರನ್ನೇ ತೊಗೊಳ್ಳಿ. ಫುಟ್‌ಬಾಲಿನಲ್ಲಿ ಭಾರತದ ನಾಯಕ, ಕ್ರಿಕೆಟ್ಟಿನಲ್ಲಿ ಬಂಗಾಳ ರಣಜಿ ತಂಡದ ನಾಯಕ, ಎರಡೂ ಆಟ ಮುಗಿದ ಮೇಲೆ ಹುಡುಗರಿಗೆ ತರಬೇತಿ. ಆ ಚುನಿಯವರಿಗೇ ಗುರುವಾದ ರಹೀಂ ಮಾತ್ರ ಬಂದದ್ದು ಬ್ಲ್ಯಾಕ್‌ಬೋರ್ಡಿನ ಕಡೆಯಿಂದ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾದರು, ಸಾಯುವ ತನಕ ಆ ಕುರ್ಚಿ ಬಿಡಲಿಲ್ಲ. ಕುರ್ಚಿಗೆ ಅಂಟಿಕೊಂಡವರು ಅಂದ್ರೆ ನಮಗೆ ಬೇರೆಯದೇ ಚಿತ್ರ ಕಣ್ಣಮುಂದೆ ಬರುತ್ತದೆ. ಇವರು ಆ ಅಧಿಕಾರವನ್ನು ಬಳಸಿದ ರೀತಿ ನೋಡಿ. ಊರಿನ ಹುಡುಗರಿಗೆ ವಿಚಿತ್ರ ಟೂರ್ನಮೆಂಟು ಏರ್ಪಡಿಸಿದರು. ಒಂದರಲ್ಲಿ ಡ್ರಿಬ್ಲಿಂಗ್ ಮಾಡುವ ಹಾಗೇ ಇಲ್ಲ, ಚೆಂಡು ಬಂದ ಕೂಡಲೇ ಪಾಸ್ ಕೊಡಬೇಕು. ಇನ್ನೊಂದರಲ್ಲಿ ನಿಮ್ಮ ಬಲ ಇಲ್ಲದ ಕಾಲಿನಿಂದಲೇ ಆಡಬೇಕು. ಬಲಗಾಲಿನವನು ಎಡಗಾಲಲ್ಲಿ, ಎಡಗಾಲಿನವನು ಬಲಗಾಲಲ್ಲಿ. ಮತ್ತೊಂದು ಕುಳ್ಳ ಹುಡುಗರಿಗೆ ಮಾತ್ರ.

ನಾವು ಲ್ಯಾಬಿನಲ್ಲಿ ಮಾಡುವುದೂ ಇದನ್ನೇ ಅಲ್ವಾ? ಒಂದು ವೇರಿಯಬಲ್ ಕಟ್ಟಿಹಾಕಿ ಉಳಿದದ್ದು ಹೇಗೆ ವರ್ತಿಸುತ್ತದೆ ಅಂತ ನೋಡುವುದು. ಡ್ರಿಬ್ಲಿಂಗ್ ಬಂದ್ ಮಾಡಿದರೆ ಹುಡುಗ ಚೆಂಡು ಬರುವ ಮೊದಲೇ ತಲೆ ಎತ್ತಿ ಯಾರು ಎಲ್ಲಿದ್ದಾರೆ ಅಂತ ನೋಡಿಕೊಳ್ಳಲೇಬೇಕು, ಬೇರೆ ದಾರಿ ಇಲ್ಲ. ಚೆಂಡು ಇಲ್ಲದವರೂ ನಿಂತಲ್ಲಿ ನಿಂತರೆ ಆಟ ಮುಂದೆ ಹೋಗುವುದಿಲ್ಲ, ಓಡಾಡಿ ಜಾಗ ಮಾಡಿಕೊಡಬೇಕು. ಇಷ್ಟನ್ನು ಭಾಷಣ ಮಾಡಿ ಕಲಿಸಲು ವರ್ಷ ಬೇಕಾಗುತ್ತಿತ್ತು. ರಹೀಂ ಒಂದು ನಿಯಮ ಬದಲಿಸಿ ಕಲಿಸಿದರು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಒಳ್ಳೆ ಆಟಗಾರ ಅಂದ್ರೆ ನಾಲ್ಕು ಜನರನ್ನು ಆಟವಾಡಿಸಿ ಚೆಂಡು ಒಯ್ಯುವವನು. ಗ್ಯಾಲರಿ ಚಪ್ಪಾಳೆ ತಟ್ಟುತ್ತಿದ್ದದ್ದೂ ಅದಕ್ಕೇ.

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. ನಿಜಾಮರ ಆಳ್ವಿಕೆ ಮುಗಿದು ಎರಡೇ ವರ್ಷ ಆಗಿತ್ತು, ರಾಜ್ಯ ಇನ್ನೂ ಸುಧಾರಿಸಿಕೊಳ್ಳುತ್ತಿತ್ತು. ಆ ವರ್ಷವೇ ಪೊಲೀಸ್ ತಂಡ ಬಾಂಬೆಯ ರೋವರ್ಸ್ ಕಪ್ ಗೆದ್ದಿತು. 1951ರಲ್ಲೂ ಗೆದ್ದಿತು. 52, 53, 54. ಸತತ ಐದು ವರ್ಷ. ಡುರಾಂಡ್ ಕಪ್ಪೂ ಬಂತು. ಫುಟ್‌ಬಾಲ್ ಅಂದ್ರೆ ಕಲ್ಕತ್ತಾ ಅಂತಿದ್ದ ದೇಶದಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಹೆಸರಿಗೆ ಸರಿಸಮವಾಗಿ ದಖ್ಖನಿನ ಒಂದು ಪೊಲೀಸ್ ತಂಡದ ಹೆಸರು ಕೇಳಿಬಂತು. ದಕ್ಷಿಣದವರು ಇದಕ್ಕೆ ಮೊದಲೂ ಬಾಂಬೆಯಲ್ಲಿ ಕೈ ತೋರಿಸಿದ್ದುಂಟು. ಬ್ರಿಟಿಷ್ ಮಿಲಿಟರಿ ತಂಡಗಳದ್ದೇ ಕಾರುಬಾರಾಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಸಲ ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಆದರೆ ಐದು ವರ್ಷ ಬಿಡದೆ ಗೆಲ್ಲುವುದು ಬೇರೆ ಮಾತು. ಅದಕ್ಕೆ ಒಳ್ಳೆ ಹನ್ನೊಂದು ಜನ ಸಾಲದು, ಹಿಂದೆ ಒಂದು ಪದ್ಧತಿ ಇರಬೇಕು.

ಹೊಸ ಹುಡುಗರನ್ನು ಗುರುತಿಸುವ ಕಣ್ಣೂ ಅವರಿಗಿತ್ತು. ಸಿಕಂದರಾಬಾದ್ ಹತ್ತಿರದ ಅಮ್ಮುಗುಡಾದ ಬಡ ಮನೆಯ ತುಳಸಿದಾಸ್ ಬಲರಾಮ್‌ಗೆ ದಿನಾ ಪ್ರಾಕ್ಟೀಸಿಗೆ ಅಷ್ಟು ದೂರ ಬರುವುದಕ್ಕೆ ದುಡ್ಡಿರಲಿಲ್ಲ. ರಹೀಂ ಸೈಕಲ್ಲಿನ ಖರ್ಚನ್ನು ತಾವೇ ಕೊಟ್ಟು ಕರೆಸಿಕೊಂಡರು. ಆ ಹುಡುಗ ಎರಡು ಒಲಿಂಪಿಕ್ಸ್ ಆಡಿದ.

ದೇಶದ ತಂಡಕ್ಕೆ ರಹೀಂ ಕೋಚ್ ಆದ ಮೇಲೆ ಮೊದಲು ಸಿಕ್ಕಿದ್ದು ಸಿಹಿ. 1951ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಇಂಡೋನೇಷ್ಯಾ, ಅಫ್ಘಾನಿಸ್ತಾನ ಎರಡನ್ನೂ 3-0ಯಿಂದ ಸೋಲಿಸಿ, ಫೈನಲ್ಲಿನಲ್ಲಿ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಮಣಿಸಿ ಚಿನ್ನ. ಮುಂದಿನ ವರ್ಷವೇ ಕಹಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್, ಎದುರಾಳಿ ಯುಗೊಸ್ಲಾವಿಯಾ, ಸ್ಕೋರು 10-1. ನಮ್ಮವರಲ್ಲಿ ಹಲವರು ಆಡಿದ್ದು ಬರಿಗಾಲಲ್ಲಿ, ಆ ಚಳಿ ನೆಲದ ಮೇಲೆ. ನಮ್ಮ ಕಡೆಯ ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದ್ದು. ಕಲ್ಕತ್ತಾದ ಈಸ್ಟ್ ಬೆಂಗಾಲಿನಲ್ಲಿ ಪಂಚ ಪಾಂಡವರು ಅಂತ ಹೆಸರಾಗಿದ್ದ ಐದು ಫಾರ್ವರ್ಡ್‌ಗಳಲ್ಲಿ ಅವರೂ ಒಬ್ಬರು.

ಬರಿಗಾಲಿನ ಆಟದ ಬಗ್ಗೆ ನಮ್ಮಲ್ಲಿ ಒಂದು ರೊಮ್ಯಾಂಟಿಕ್ ಕಲ್ಪನೆ ಇದೆ. 1911ರಲ್ಲಿ ಮೋಹನ್ ಬಗಾನ್ ಹುಡುಗರು ಬೂಟು ಹಾಕಿದ ಬ್ರಿಟಿಷರನ್ನು ಬರಿಗಾಲಲ್ಲಿ ಸೋಲಿಸಿದ್ದರಲ್ಲ, ಆವಾಗಿನಿಂದ ಅದು ಸ್ವಾಭಿಮಾನದ ಗುರುತಾಗಿಬಿಟ್ಟಿತ್ತು. ಹೆಲ್ಸಿಂಕಿ ಆ ಭ್ರಮೆಯನ್ನು ತೊಂಬತ್ತು ನಿಮಿಷದಲ್ಲಿ ಇಳಿಸಿತು. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯಿತು. ಆದರೆ ಬೂಟು ಹಾಕಿದ ಮಾತ್ರಕ್ಕೆ ಹತ್ತು ಗೋಲು ನಿಲ್ಲುವುದಿಲ್ಲ ಅಂತ ರಹೀಂ ಅವರಿಗೆ ಗೊತ್ತಿತ್ತು. ಅವರು ಕೂತು ಓದತೊಡಗಿದ್ದು ಯುರೋಪಿನ ಆಟವನ್ನು, ಅದರಲ್ಲೂ ಹಂಗೇರಿಯವರದ್ದನ್ನು.

ಹಂಗೇರಿ 1953ರ ನವೆಂಬರಿನಲ್ಲಿ ಇಂಗ್ಲೆಂಡನ್ನು ಅವರದ್ದೇ ವೆಂಬ್ಲಿ ಮೈದಾನದಲ್ಲಿ 6-3ರಿಂದ ಸೋಲಿಸಿತ್ತು. ಉಪಾಯ ಸರಳ. ಆಗ ಸೆಂಟರ್ ಫಾರ್ವರ್ಡ್ ಅಂದ್ರೆ ಎದುರಾಳಿಯ ಗೋಲಿನ ಹತ್ತಿರ ನಿಂತಿರುವವನು. ಅವನ ಬೆನ್ನಿಗೆ ಎದುರಾಳಿಯ ಸೆಂಟರ್ ಹಾಫ್ ನೆರಳಿನ ಹಾಗೆ ಅಂಟಿಕೊಂಡಿರುತ್ತಾನೆ. ಹಂಗೇರಿಯವರು ತಮ್ಮ ಸೆಂಟರ್ ಫಾರ್ವರ್ಡನ್ನು ಹಿಂದಕ್ಕೆ, ಮೈದಾನದ ನಡುವಿಗೆ ಎಳೆದುಕೊಂಡರು. ಈಗ ಆ ಸೆಂಟರ್ ಹಾಫ್ ಏನು ಮಾಡಬೇಕು? ಅವನ ಹಿಂದೆ ಹೋದರೆ ಗೋಲಿನ ಮುಂದೆ ದೊಡ್ಡ ಖಾಲಿ ಜಾಗ, ಪಕ್ಕದ ಫಾರ್ವರ್ಡ್‌ಗಳು ಅಲ್ಲಿಗೆ ನುಗ್ಗುತ್ತಾರೆ. ಹೋಗದೇ ನಿಂತರೆ ನಡುವಿನವನಿಗೆ ಕಾವಲೇ ಇಲ್ಲ, ಆರಾಮಾಗಿ ತಲೆ ಎತ್ತಿ ಪಾಸ್ ಹಂಚುತ್ತಾನೆ. ಯಾವುದನ್ನು ಆರಿಸಿದರೂ ನಷ್ಟ. ಇದನ್ನು ರಹೀಂ ನಮ್ಮ ತಂಡಕ್ಕೆ ಹೊಂದಿಸಿದರು. ದೇಹಬಲದಲ್ಲಿ ಯುರೋಪಿನವರ ಸಮಕ್ಕೆ ನಿಲ್ಲಲಾಗದ ನಮ್ಮವರಿಗೆ ಜಾಗದ ಲೆಕ್ಕ ಮತ್ತು ಬೇಗ ಕೊಡುವ ಪಾಸೇ ಆಯುಧ ಅನ್ನುವುದು ಅವರ ಲೆಕ್ಕಾಚಾರ. ಹೈದರಾಬಾದಿನ ಆ ಡ್ರಿಬ್ಲಿಂಗ್ ಇಲ್ಲದ ಟೂರ್ನಮೆಂಟುಗಳು ಇಲ್ಲಿ ಫಲ ಕೊಟ್ಟವು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಮೂರಾಯಿತು. ಗುಲ್ಬರ್ಗಾ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ನಾಲವಾರ ಒಂದೇ ರಾತ್ರಿಯಲ್ಲಿ ಹೈದರಾಬಾದಿನದ್ದು ಹೋಗಿ ಬೆಂಗಳೂರಿನದ್ದಾಯಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ರಹೀಂ ಅವರ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯಾದವನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಆ ತಂಡದಲ್ಲಿ ಹೈದರಾಬಾದಿನವರು ಹಲವರು: ಅಜೀಜುದ್ದೀನ್, ಲತೀಫ್, ನೂರ್ ಮೊಹಮ್ಮದ್, ಬಲರಾಮ್. ಮೈಸೂರು ರಾಜ್ಯದ ಕಡೆಯಿಂದ ಹಾಫ್ ಬ್ಯಾಕ್ ಕೆಂಪಯ್ಯ. ಹಂಗಾಗಿ ನಮ್ಮ ಹಳೇ ರಾಜ್ಯ, ಹೊಸ ರಾಜ್ಯ ಎರಡೂ ಆ ಹನ್ನೊಂದರ ಲೆಕ್ಕದೊಳಗೆ ಇದ್ದವು ಅನ್ನಬಹುದು.

ಸೆಮಿಫೈನಲ್ಲಿನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ಹೊಡೆದದ್ದು ನಾವು. ಆಮೇಲೆ ಅವರು ನಾಲ್ಕು ಹೊಡೆದು 4-1ರಿಂದ ಗೆದ್ದರು, ಅದು ಬೇರೆ. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರು 3-0 ಸೋಲು. ನಾಲ್ಕನೇ ಸ್ಥಾನ. ಇದನ್ನು ದೊಡ್ಡದು ಮಾಡಿ ಹೇಳುವವರು ಒಂದು ಮಾತು ಮರೆಮಾಚುತ್ತಾರೆ. ಆ ವರ್ಷ ಪಂದ್ಯಾವಳಿಗೆ ಬಂದಿದ್ದೇ ಹನ್ನೊಂದು ತಂಡ, ನಮ್ಮ ಮೊದಲ ಎದುರಾಳಿ ಹಂಗೇರಿ ಬರಲೇ ಇಲ್ಲ, ನಮಗೆ ವಾಕ್‌ಓವರ್ ಸಿಕ್ಕಿತು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಡಿದ ಮೇಲೂ ಒಂಬತ್ತು ಗೋಲಿನ ಅಂತರ ನಾಲ್ಕು ವರ್ಷದಲ್ಲಿ ಎಷ್ಟಕ್ಕೆ ಇಳಿಯಿತು ಅನ್ನುವುದು ಕಣ್ಣಿಗೆ ಕಾಣುವ ಸಂಗತಿ. ಒಲಿಂಪಿಕ್ಸ್ ಸೆಮಿಫೈನಲ್ ಮುಟ್ಟಿದ ಮೊದಲ ಏಷ್ಯನ್ ತಂಡವೂ ಅದೇ.

1960ರ ರೋಮ್ ಒಲಿಂಪಿಕ್ಸಿನಲ್ಲಿ ಗುಂಪಿನ ಹಂತ ದಾಟಲಿಲ್ಲ. ಹಂಗೇರಿ ಎದುರು 1-2, ಫ್ರಾನ್ಸ್ ಜೊತೆ 1-1, ಪೆರು ಎದುರು 1-3. ಆ ತಂಡದ ಪಟ್ಟಿಯಲ್ಲಿ ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದ್ದರು. ಆದರೆ ಒಂದು ಪಂದ್ಯವನ್ನೂ ಆಡಲಿಲ್ಲ. ಎರಡು ವರ್ಷದ ಮೇಲೆ ಜಕಾರ್ತಾಕ್ಕೆ ಹೋದ ತಂಡದಲ್ಲಿ ಅವರ ಹೆಸರೇ ಇರಲಿಲ್ಲ. ಕೋಚ್ ಎರಡೂ ಸಲ ಅಪ್ಪನೇ. ಮನೆಯಲ್ಲಿ ಇದರ ಬಗ್ಗೆ ಏನು ಮಾತು ನಡೆಯಿತೋ ನಾವು ಊಹಿಸಿ ಬರೆಯುವುದು ಬೇಡ. ಸ್ವಂತ ಮಗನಿಗೊಂದು ಜಾಗ ಹೊಂದಿಸುವುದು ನಮ್ಮ ದೇಶದಲ್ಲಿ ತಪ್ಪು ಅಂತ ಅನ್ನಿಸಿಕೊಳ್ಳುವುದೇ ಇಲ್ಲ, ಅಷ್ಟು ಮಾತ್ರ ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಜಕಾರ್ತಾಕ್ಕೆ ಹೊರಡುವ ಹೊತ್ತಿಗೆ ರಹೀಂ ಅವರ ಆರೋಗ್ಯ ಕೆಟ್ಟಿತ್ತು. ಸಿಗರೇಟಿನ ಚಟ ಬಹಳ ಇತ್ತು, ಶ್ವಾಸಕೋಶದ ಕ್ಯಾನ್ಸರ್ ಒಳಗೊಳಗೇ ತಿನ್ನುತ್ತಿತ್ತು. ಆ ಸ್ಥಿತಿಯಲ್ಲೇ 1962ರ ಏಷ್ಯನ್ ಗೇಮ್ಸಿಗೆ ತಂಡ ಕಟ್ಟಿದರು. ಚುನಿ ಗೋಸ್ವಾಮಿ ನಾಯಕ, ಪಿ.ಕೆ. ಬ್ಯಾನರ್ಜಿ, ಬಲರಾಮ್, ಡಿಫೆನ್ಸಿನಲ್ಲಿ ಬಂಡೆಯಂಥ ಜರ್ನೈಲ್ ಸಿಂಗ್, ಗೋಲಿನಲ್ಲಿ ಪೀಟರ್ ತಂಗರಾಜ್.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 2-0ಯಿಂದ ಸೋಲಿಸಿತು. ಥಾಯ್ಲೆಂಡನ್ನು 4-1ರಿಂದ ಗೆದ್ದರೂ ಜರ್ನೈಲ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು 2-0ಯಿಂದ ಸೋಲಿಸಿ ಹೇಗೋ ಸೆಮಿಫೈನಲ್ಲಿಗೆ ಬಂದರು. ಆಗಿನ ಫುಟ್‌ಬಾಲಿನಲ್ಲಿ ಈಗಿನಂತೆ ಐದು ಮಂದಿಯನ್ನು ಬದಲಿ ಇಳಿಸುವ ಸೌಕರ್ಯ ಇರಲಿಲ್ಲ. ಇಳಿಸಿದ ಹನ್ನೊಂದೇ ಹನ್ನೊಂದು. ತಲೆಗೆ ಹೊಲಿಗೆ ಬಿದ್ದವನನ್ನು ಡಿಫೆನ್ಸಿನಲ್ಲಿ ನಿಲ್ಲಿಸಿ ಬಂದ ಬಂದ ಚೆಂಡನ್ನೆಲ್ಲ ತಲೆಯಿಂದ ಹೊಡೆಯಲು ಹೇಳುವುದು ಹೇಗೆ? ಹೊರಗೆ ಕೂರಿಸಿದರೆ ತಂಡದ ಅತಿ ಗಟ್ಟಿ ಆಳೇ ಇಲ್ಲ. ರಹೀಂ ಮೂರನೇ ದಾರಿ ಹುಡುಕಿದರು. ಜರ್ನೈಲರನ್ನು ಸೆಂಟರ್ ಫಾರ್ವರ್ಡ್ ಮಾಡಿ ಮುಂದಕ್ಕೆ ಕಳಿಸಿದರು. ಹಿಂದಿನ ಗೋಡೆಯನ್ನು ಕಿತ್ತು ಮುಂದೆ ನಿಲ್ಲಿಸಿದ ಹಾಗೆ. ದಕ್ಷಿಣ ವಿಯೆಟ್ನಾಂ ಎದುರಿನ ಸೆಮಿಫೈನಲ್ಲಿನಲ್ಲಿ ಜರ್ನೈಲ್ ಗೋಲು ಹೊಡೆದರು, ಭಾರತ 3-2ರಿಂದ ಗೆದ್ದಿತು.

ಮೈದಾನದ ಹೊರಗೆ ಬೇರೆಯದೇ ಬೆಂಕಿ. ಇಂಡೋನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನಿನ ಕ್ರೀಡಾಪಟುಗಳಿಗೆ ವೀಸಾ ಕೊಟ್ಟಿರಲಿಲ್ಲ. ಏಷ್ಯನ್ ಗೇಮ್ಸ್ ಕಟ್ಟಿದವರಲ್ಲಿ ಒಬ್ಬರಾದ ಭಾರತದ ಜಿ.ಡಿ. ಸೋಂಧಿ, ಎಲ್ಲರನ್ನೂ ಕರೆಯದ ಮೇಲೆ ಇದಕ್ಕೆ ಏಷ್ಯನ್ ಗೇಮ್ಸ್ ಅನ್ನುವ ಹೆಸರು ಸಲ್ಲದು ಅಂತ ತಕರಾರು ತೆಗೆದರು. ಜಕಾರ್ತಾದ ಜನ ಸಿಡಿದೆದ್ದು ಭಾರತದ ರಾಯಭಾರ ಕಚೇರಿಗೆ ನುಗ್ಗಿದರು. ನಮ್ಮ ಆಟಗಾರರು ಹೊರಗೆ ಓಡಾಡುವುದೇ ಕಷ್ಟವಾಯಿತು. ಸೋಂಧಿಯವರ ಮಾತಿನಲ್ಲಿ ನ್ಯಾಯ ಇತ್ತು ಅಂತಲೇ ನನಗನ್ನಿಸುತ್ತದೆ, ಆದರೆ ಅದರ ಬಿಸಿ ತಟ್ಟಿದ್ದು ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗರಿಗೆ.

ಫೈನಲ್ಲಿನ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಹತ್ತಲಿಲ್ಲವಂತೆ. ರಹೀಂ ಹುಡುಗರ ಜೊತೆಗೇ ಇದ್ದು, ತನಗೊಂದು ಉಡುಗೊರೆ ಬೇಕು, ಅದು ನಾಳೆಯ ಚಿನ್ನ ಅಂತ ಕೇಳಿಕೊಂಡರು ಎಂದು ಅವರ ಶಿಷ್ಯರು ಮುಂದೆ ನೆನೆಸಿಕೊಂಡಿದ್ದಾರೆ. ಸೆಪ್ಟೆಂಬರ್ 4, ಸೆನಾಯನ್ ಸ್ಟೇಡಿಯಂ. ಹತ್ತಿರ ಹತ್ತಿರ ಒಂದು ಲಕ್ಷ ಜನ, ಬಹುಪಾಲು ನಮ್ಮ ವಿರುದ್ಧ. ರಾಷ್ಟ್ರಗೀತೆಗೂ ಕೂಗಾಟ. ಎದುರಿಗೆ ಮೊದಲ ಪಂದ್ಯದಲ್ಲಿ ಸೋಲಿಸಿದ್ದ ಅದೇ ದಕ್ಷಿಣ ಕೊರಿಯಾ. ಗೋಲ್‌ಕೀಪರ್ ತಂಗರಾಜ್‌ಗೆ ಜ್ವರ ಬಂದು ಹೋಗಿತ್ತು, ಅವರ ಬದಲು ಪ್ರದ್ಯುತ್ ಬರ್ಮನ್ ಆಡಿದ್ದರು. ಎತ್ತರದ ಚೆಂಡುಗಳಿಗೆ ತಂಗರಾಜರೇ ಬೇಕು ಅಂತ ರಹೀಂ ಅವರನ್ನೇ ಮತ್ತೆ ಇಳಿಸಿದರು. ಅಷ್ಟು ದೊಡ್ಡ ಗದ್ದಲದಲ್ಲಿ ಭಾರತದ ಪರ ಕೂಗಿದವರು ಯಾರು ಗೊತ್ತಾ? ಪಾಕಿಸ್ತಾನದ ಹಾಕಿ ತಂಡ.

17ನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ ಗೋಲು. ಮೂರೇ ನಿಮಿಷ ಬಿಟ್ಟು ಜರ್ನೈಲ್ ಸಿಂಗ್, ಹೊಲಿಗೆ ಬಿದ್ದ ಅದೇ ತಲೆಯವರು, ಎರಡನೆಯದನ್ನು ಹೊಡೆದರು. ಕೊನೆಗೆ ಕೊರಿಯಾದವರು ಒಂದು ವಾಪಸ್ ಕೊಟ್ಟರೂ 2-1ಕ್ಕೆ ಆಟ ಮುಗಿಯಿತು. ಮೆಲ್ಬರ್ನ್ ದೊಡ್ಡದೋ ಜಕಾರ್ತಾ ದೊಡ್ಡದೋ ಅಂತ ಫುಟ್‌ಬಾಲ್ ಹುಚ್ಚರು ವಾದ ಮಾಡುತ್ತಾರೆ. ನನ್ನ ಓಟು ಜಕಾರ್ತಾಕ್ಕೆ. ಮೆಲ್ಬರ್ನಿನಲ್ಲಿ ಇಡೀ ತಂಡ ಕೈಯಲ್ಲಿತ್ತು. ಇಲ್ಲಿ ಗಾಯಗೊಂಡವರು, ಜ್ವರದವರು, ಸೋಲಿನಿಂದ ಶುರುವಾದ ಪಂದ್ಯಾವಳಿ, ಹಗೆ ಸಾಧಿಸುವ ಊರು. ಬೆಂಚಿನ ಮೇಲೆ ಕೂತವರ ಎದೆಯೊಳಗೆ ಕ್ಯಾನ್ಸರ್.

ಅದಾಗಿ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು, ರಹೀಂ ತೀರಿಕೊಂಡರು. ವಯಸ್ಸು 53. ಅವರು ತಯಾರು ಮಾಡಿದ ಹುಡುಗರು ಇನ್ನೂ ಇದ್ದರು, ಹಾಗಾಗಿ 1964ರ ಏಷ್ಯನ್ ಕಪ್ಪಿನಲ್ಲಿ ಭಾರತ ಎರಡನೇ ಸ್ಥಾನಕ್ಕೆ ಬಂತು, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸಿನಲ್ಲಿ ಕಂಚು ಬಂತು. ಅಲ್ಲಿಗೆ ನಿಂತಿತು. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಮತ್ತೆ ಚಿನ್ನ ಬಂದಿಲ್ಲ. 1960ರ ನಂತರ ಒಲಿಂಪಿಕ್ಸ್ ಫುಟ್‌ಬಾಲಿಗೆ ನಾವು ಅರ್ಹತೆಯನ್ನೇ ಪಡೆದಿಲ್ಲ. ಇದಕ್ಕೆಲ್ಲ ಒಬ್ಬ ಮನುಷ್ಯ ಸತ್ತದ್ದೇ ಕಾರಣ ಅಂತ ಹೇಳುವುದು ಸುಲಭ, ಆದರೆ ಅದು ಪೂರ್ತಿ ಸರಿಯಲ್ಲ. ಜಪಾನ್, ಕೊರಿಯಾಗಳು ಆಮೇಲೆ ವರ್ಷ ವರ್ಷ ದುಡ್ಡು ಹಾಕಿ ಲೀಗು ಕಟ್ಟಿದವು, ನಾವು ಕಟ್ಟಲಿಲ್ಲ. ರಹೀಂ ಒಬ್ಬರೇ ತಲೆಯಲ್ಲಿಟ್ಟುಕೊಂಡು ಓಡಾಡಿದ್ದನ್ನು ಬರೆದಿಟ್ಟು ಮುಂದಿನವರಿಗೆ ಕಲಿಸುವ ಏರ್ಪಾಡನ್ನು ಯಾರೂ ಮಾಡಲಿಲ್ಲ. ಶಿಷ್ಯರಲ್ಲಿ ಪಿ.ಕೆ. ಬ್ಯಾನರ್ಜಿ ದೊಡ್ಡ ಕೋಚ್ ಆದರು, ನಿಜ. ಆದರೆ ಒಬ್ಬ ಪಿ.ಕೆ. ಎಷ್ಟು ಮಾಡಿಯಾರು.

ಅಪ್ಪನ ತಂಡದಲ್ಲಿ ಆಡಲು ಸಿಗದ ಮಗ ಹಕೀಂ ಆಟ ಬಿಡಲಿಲ್ಲ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ ಕೆಲಸ ಮಾಡಿದರು, ಫಿಫಾ ರೆಫರಿಯಾದರು, 1982ರ ದಿಲ್ಲಿ ಏಷ್ಯನ್ ಗೇಮ್ಸಿನಲ್ಲಿ ಪಿ.ಕೆ. ಅವರಿಗೆ ಸಹಾಯಕ ಕೋಚ್ ಆದರು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ಜಕಾರ್ತಾದ ಕಥೆ ಕೇಳಲು ಪತ್ರಕರ್ತರು ಹುಡುಕಿಕೊಂಡು ಹೋಗುತ್ತಿದ್ದದ್ದು ಇವರನ್ನೇ. 2021ರ ಆಗಸ್ಟ್ 22ರಂದು, 82ನೇ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ.